ಶಾಲೆಗೆ ಟಿವಿಯೋ ಪ್ರೊಜೆಕ್ಟರೋ: ಒಪ್ಪಿಕೊಳ್ಳುವ ಮೊದಲು ಪಿಟಿಎ ಹಾಕಬೇಕಾದ ಲೆಕ್ಕ

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಯಂತ್ರ ಬರುವ ದಾರಿ ಮೂರು. ಒಂದು, ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳ ಸರಕಾರದ ‘ಕೈಟ್’ ಸಂಸ್ಥೆಯಿಂದ ಸಿಗುವ ಲ್ಯಾಪ್‌ಟಾಪ್, ಪ್ರೊಜೆಕ್ಟರು. ಇನ್ನೊಂದು, ಪಂಚಾಯತ್, ಶಾಸಕರು ಅಥವಾ ಸಂಸದರ ನಿಧಿ. ಮತ್ತೊಂದು, ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಾಗ ಕೊಡಿಸುವ ಟಿವಿ. ಮೂರರಲ್ಲೂ ಆ ದಿನ ಶಾಲೆಯ ಕಿಸೆಯಿಂದ ದುಡ್ಡು ಹೋಗುವುದಿಲ್ಲ. ಹಾಗಾಗಿ ಲೆಕ್ಕ ಹಾಕುವ ಗೋಜಿಗೂ ಯಾರೂ ಹೋಗುವುದಿಲ್ಲ. ಬಿಲ್ಲು ಬರುವುದು ಎರಡು ಮಳೆಗಾಲ ಕಳೆದ ಮೇಲೆ, ಬರುವುದೂ ಪಿಟಿಎ, ಅಂದರೆ ಹೆತ್ತವರ-ಅಧ್ಯಾಪಕರ ಸಂಘದ ಹೆಸರಿಗೆ.

ಇಲ್ಲಿ ಹೇಳುವ ಲೆಕ್ಕ ಎಲ್‌ಪಿ (ಒಂದರಿಂದ ನಾಲ್ಕನೇ ತರಗತಿ), ಯುಪಿ (ಐದರಿಂದ ಏಳು) ಶಾಲೆಗಳ ಪಿಟಿಎ, ಮುಖ್ಯೋಪಾಧ್ಯಾಯರು ಮತ್ತು ಅನುದಾನಿತ ಶಾಲೆಗಳ ಮ್ಯಾನೇಜರರಿಗಾಗಿ. ಬೇಕಾದದ್ದು ಒಂದು ನೋಟುಬುಕ್ಕು, ಅಳತೆ ಟೇಪು, ಶಾಲೆಯ ವೇಳಾಪಟ್ಟಿ, ಎರಡು ಸಂಜೆಗಳ ಪುರುಸೊತ್ತು.

ಕೆಲಸ ಮೊದಲು, ಯಂತ್ರ ಆಮೇಲೆ

ನೋಟುಬುಕ್ಕಿನ ಮೊದಲ ಪುಟದಲ್ಲಿ ಒಂದೇ ಒಂದು ವಾಕ್ಯ ಬರೆಯಿರಿ: ಯಾವ ತರಗತಿ, ಯಾವ ಪಾಠ, ಎಷ್ಟು ಮಕ್ಕಳಿಗೆ ಏನು ಬರುತ್ತಿಲ್ಲ. ‘ಸ್ಮಾರ್ಟ್ ಕ್ಲಾಸ್ ಬೇಕು’ ಎಂಬುದು ಕೆಲಸವಲ್ಲ, ಆಸೆ. ‘ಆರನೇ ತರಗತಿಯ 28 ಮಕ್ಕಳಲ್ಲಿ 11 ಮಂದಿಗೆ ಛೇದ ಬೇರೆ ಬೇರೆ ಇರುವ ಭಿನ್ನರಾಶಿ ಕೂಡಿಸಲು ಬರುತ್ತಿಲ್ಲ’ ಎಂಬುದು ಕೆಲಸ. ಈ ವಾಕ್ಯ ಬರೆಯಲು ಆಗದಿದ್ದರೆ ಮುಂದಿನ ಪುಟ ತಿರುವಬೇಡಿ. ಯಾವ ಯಂತ್ರ ತಂದರೂ ಅದು ಶಾಲಾ ವಾರ್ಷಿಕೋತ್ಸವದ ಫೋಟೋ ತೋರಿಸುವುದಕ್ಕೇ ಮೀಸಲಾಗುತ್ತದೆ.

ವಾಕ್ಯದ ಪಕ್ಕದಲ್ಲೇ ಅದೇ ಕೆಲಸವನ್ನು ಅತಿ ಕಡಿಮೆ ಖರ್ಚಿನಲ್ಲಿ ಮಾಡುವ ದಾರಿ ಬರೆಯಿರಿ. ಭಿನ್ನರಾಶಿಗೆ ಬಣ್ಣದ ಕಾಗದದ ಪಟ್ಟಿಗಳನ್ನು ಎರಡು, ಮೂರು, ಆರು ಭಾಗವಾಗಿ ಮಡಚಿ ಜೋಡಿಸಿ ನೋಡುವುದು ಸಾಕು; ಇಡೀ ತರಗತಿಗೆ ಐವತ್ತು ರೂಪಾಯಿಯ ಕಾಗದ. ಪರದೆಯ ಮೇಲಿನ ಪಿಜ್ಜಾ ಚಿತ್ರ ಇದಕ್ಕಿಂತ ಹೆಚ್ಚಿನದೇನನ್ನೂ ಕಲಿಸುವುದಿಲ್ಲ, ಅದನ್ನು ಮಕ್ಕಳು ಕೈಯಲ್ಲಿ ಮಡಚಲೂ ಆಗುವುದಿಲ್ಲ. ಇಂಥ ಕೆಲಸಗಳನ್ನು ಪಟ್ಟಿಯಿಂದ ಹೊಡೆದು ಹಾಕಿ.

ಹೊಡೆದ ಮೇಲೆ ಉಳಿಯುವುದು ಹಲಗೆಯ ಮೇಲೆ ತೋರಿಸಲಾಗದ್ದು. ಹೃದಯದ ಕವಾಟಗಳು ತೆರೆದು ಮುಚ್ಚುವುದು, ಚಂದ್ರನ ಕಲೆಗಳು, ತಂತಿಯೊಳಗೆ ವಿದ್ಯುತ್ ಹರಿಯುವುದು, ತ್ರಿಭುಜದ ಒಂದು ಮೂಲೆ ಎಳೆದಾಗ ಮೂರು ಕೋನಗಳೂ ಬದಲಾಗಿ ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುವುದು. ಕೊನೆಯದಕ್ಕೆ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಇದೆ, ವಿದ್ಯುತ್ ಮಂಡಲಕ್ಕೆ ಪರದೆಯ ಮೇಲೆ ಮಾಡಿ ನೋಡುವ ಫೆಟ್ ಪ್ರಯೋಗಗಳಿವೆ. ಎರಡೂ ಉಚಿತ, ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ.

ನಮ್ಮ ಕಡೆಯ ಶಾಲೆಗಳಿಗೆ ಇನ್ನೊಂದು ಲಾಭವಿದೆ, ಅದನ್ನು ಯಾವ ಕಂಪನಿಯ ಕರಪತ್ರವೂ ಹೇಳುವುದಿಲ್ಲ: ಧ್ವನಿ. ಮನೆಯಲ್ಲಿ ತುಳು, ಮಲೆಯಾಳ, ಬ್ಯಾರಿ, ಮರಾಠಿ, ಕೊಂಕಣಿ ಅಥವಾ ಹವ್ಯಕ ಮಾತಾಡುವ ಮಕ್ಕಳಿಗೆ ಪುಸ್ತಕದ ಕನ್ನಡ ಕಿವಿಗೆ ಬೀಳುವುದು ಶಾಲೆಯಲ್ಲಿ ಮಾತ್ರ. ಅಧ್ಯಾಪಕರ ಮೊಬೈಲಿನಲ್ಲಿ ಮಗುವಿನ ಒಂದು ನಿಮಿಷದ ಓದು ಧ್ವನಿಮುದ್ರಿಸಿ ಅದಕ್ಕೇ ಕೇಳಿಸಿ. ಎಲ್ಲಿ ತಡವರಿಸಿದೆ, ಎಲ್ಲಿ ಒತ್ತಕ್ಷರ ನುಂಗಿದೆ ಎಂದು ಮಗುವೇ ಹೇಳುತ್ತದೆ. ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದಿತು ಎಂದು ಜೂನ್, ಸೆಪ್ಟೆಂಬರ್, ಜನವರಿಯಲ್ಲಿ ಬರೆದಿಡಿ. ಇದಕ್ಕೆ ಹೊಸದಾಗಿ ಒಂದು ಪೈಸೆಯೂ ಬೇಡ. ಈಗಿರುವ ಯಂತ್ರದಿಂದ ಇಷ್ಟು ಮಾಡದ ಶಾಲೆ ಹೊಸ ಯಂತ್ರದಿಂದ ಮಾಡೀತು ಎಂಬ ಭರವಸೆ ನಮಗಿಲ್ಲ.

ಪೆರುವಿನ ಗ್ರಾಮೀಣ ಶಾಲೆಗಳಲ್ಲಿ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಕೊಟ್ಟ ಯೋಜನೆಯ ಮೌಲ್ಯಮಾಪನ 2012ರಲ್ಲಿ ಪ್ರಕಟವಾಯಿತು: ಗಣಿತ, ಭಾಷೆಯ ಅಂಕಗಳಲ್ಲಿ ಏರಿಕೆ ಕಾಣಲಿಲ್ಲ. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ‘ಮೈಂಡ್‌ಸ್ಪಾರ್ಕ್’ ತಂತ್ರಾಂಶದಲ್ಲಿ ಕಲಿತ ಮಕ್ಕಳಲ್ಲಿ ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಸ್ಪಷ್ಟ ಏರಿಕೆ ಕಂಡಿತು. ಆ ಅಧ್ಯಯನ ಪ್ರಕಟವಾದದ್ದು 2019ರಲ್ಲಿ. ಮೊದಲನೆಯದರಲ್ಲಿ ಯಂತ್ರ ಕೊಟ್ಟು ಬಿಟ್ಟರು. ಎರಡನೆಯದರಲ್ಲಿ ಮಗು ಎಲ್ಲಿ ನಿಂತಿದೆ ಎಂದು ಪತ್ತೆಹಚ್ಚಿ ಅಲ್ಲಿಂದ ಅಭ್ಯಾಸ ಕೊಟ್ಟರು, ಜೊತೆಗೆ ಸಣ್ಣ ಗುಂಪಿಗೆ ಪಾಠ ಮಾಡುವವರಿದ್ದರು. ಯಾವುದೇ ತಂತ್ರಾಂಶ ಮಾರಲು ಬಂದವರನ್ನು ಕೇಳಬೇಕಾದ್ದು ಇದನ್ನೇ: ಏಳನೇ ತರಗತಿಯಲ್ಲಿದ್ದೂ ನಾಲ್ಕನೆಯ ಲೆಕ್ಕದಲ್ಲಿ ನಿಂತ ಮಗುವಿಗೆ ನಿಮ್ಮದು ಏನು ತೋರಿಸುತ್ತದೆ? ನಮ್ಮೆದುರಿಗೆ ತೋರಿಸಿ, ಕನ್ನಡದಲ್ಲಿ ತೋರಿಸಿ, ನೆಟ್ ಆರಿಸಿ ತೋರಿಸಿ.

ಗಂಟೆಗೆ ಎಷ್ಟು ಬಿತ್ತು?

ಯಂತ್ರದ ಬೆಲೆ ನೋಡಿ ತೀರ್ಮಾನಿಸುವುದೇ ದೊಡ್ಡ ತಪ್ಪು. ನೋಡಬೇಕಾದ್ದು ಬಳಕೆಯ ಒಂದು ಗಂಟೆಗೆ, ಒಂದು ಮಗುವಿಗೆ ಬೀಳುವ ಖರ್ಚು. ಕೆಳಗಿನ ಬೆಲೆಗಳು ಲೆಕ್ಕದ ದಾರಿ ತೋರಿಸಲು ಹಿಡಿದವು. ನೀವು ನಿಮ್ಮ ಕೊಟೇಷನ್ನಿನ ಅಂಕಿ ಹಾಕಿಕೊಳ್ಳಿ. ಕೊಟೇಷನ್ನಿನಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಕೇಳಿ. ಶೇಕಡಾ 18 ಆಮೇಲೆ ಸೇರಿದರೆ ಲೆಕ್ಕವೆಲ್ಲ ತಲೆಕೆಳಗು.

ಪ್ರೊಜೆಕ್ಟರು ಕೋಣೆ: ಪ್ರೊಜೆಕ್ಟರು 38,000, ಲ್ಯಾಪ್‌ಟಾಪ್ 40,000, ಪರದೆ 5,000, ಮಾಡಿಗೆ ತೂಗುಹಾಕುವ ಸ್ಟ್ಯಾಂಡು ಮತ್ತು ವಯರಿಂಗ್ 5,000, ಸ್ಪೀಕರ್ 2,000, ಸಣ್ಣ ಯುಪಿಎಸ್ 4,000, ಕಿಟಕಿಗೆ ದಪ್ಪ ಬಟ್ಟೆ 2,000. ಒಟ್ಟು 96,000 ರೂಪಾಯಿ. ಐದು ವರ್ಷ ಬಾಳುತ್ತದೆ ಎಂದು ಹಿಡಿದರೆ ವರ್ಷಕ್ಕೆ 19,200. ದುರಸ್ತಿಗೆ ಬೆಲೆಯ ಶೇಕಡಾ 5ರಂತೆ 4,800. ಲ್ಯಾಂಪು ಮತ್ತು ಯುಪಿಎಸ್ ಬ್ಯಾಟರಿಗೆಂದು ವರ್ಷಕ್ಕೆ 2,000 ಬೇರೆಯೇ ತೆಗೆದಿಡಿ. ನೆಟ್ ತಿಂಗಳಿಗೆ 700ರಂತೆ ಹತ್ತು ತಿಂಗಳಿಗೆ 7,000. ಕರೆಂಟು: ಪ್ರೊಜೆಕ್ಟರು 300 ವಾಟ್, ಲ್ಯಾಪ್‌ಟಾಪ್ 50 ವಾಟ್. ದಿನಕ್ಕೆ ಒಂದು ಗಂಟೆಯಂತೆ 180 ದಿನ ಓಡಿದರೆ 63 ಯೂನಿಟ್, ಯೂನಿಟಿಗೆ 8 ರೂಪಾಯಿ ಹಿಡಿದರೂ 504.

ಪಿಟಿಎ ಸಭೆಯಲ್ಲಿ ಅರ್ಧ ಗಂಟೆ ಚರ್ಚೆಯಾಗುವುದು ಈ ಕರೆಂಟು ಬಿಲ್ಲಿನದ್ದೇ. ಅದು ಇಡೀ ಪಟ್ಟಿಯಲ್ಲಿ ಅತಿ ಸಣ್ಣ ಅಂಕಿ.

ವರ್ಷದ ಒಟ್ಟು 33,504. ಇದನ್ನು 180 ಗಂಟೆಯಿಂದ ಭಾಗಿಸಿದರೆ ಗಂಟೆಗೆ 186 ರೂಪಾಯಿ, 28 ಮಕ್ಕಳ ತರಗತಿಯಲ್ಲಿ ಮಗುವಿಗೆ ಸುಮಾರು 6 ರೂಪಾಯಿ 65 ಪೈಸೆ. ಈಗ ಅದೇ ಕೋಣೆಯನ್ನು ವರ್ಷಕ್ಕೆ 40 ಗಂಟೆ ಮಾತ್ರ ಬಳಸಿದರು ಎನ್ನಿ. ಕರೆಂಟು 112ಕ್ಕೆ ಇಳಿಯಿತು, ಉಳಿದದ್ದು ಯಾವುದೂ ಇಳಿಯಲಿಲ್ಲ. ಗಂಟೆಗೆ 828 ರೂಪಾಯಿ, ಮಗುವಿಗೆ ಮೂವತ್ತು ರೂಪಾಯಿಗೆ ಹತ್ತಿರ. ಯಂತ್ರ ತುಟ್ಟಿಯಾಗುವುದು ಅಂಗಡಿಯಲ್ಲಿ ಅಲ್ಲ, ಬೀಗ ಹಾಕಿದ ಕೋಣೆಯಲ್ಲಿ.

ಪಕ್ಕಕ್ಕೆ ಇನ್ನೊಂದು ಲೆಕ್ಕ ಇಟ್ಟು ನೋಡಿ. 43 ಇಂಚಿನ ಟಿವಿ 26,000, ಗೋಡೆಯ ಸ್ಟ್ಯಾಂಡು 2,000, ಪೆನ್‌ಡ್ರೈವ್ 500, ಸ್ಪೈಕ್ ಗಾರ್ಡು ಇತ್ಯಾದಿ 1,500, ಒಟ್ಟು 30,000. ವರ್ಷಕ್ಕೆ ಸವಕಳಿ 6,000, ದುರಸ್ತಿ 1,500, ನೂರು ವಾಟಿನಂತೆ ಕರೆಂಟು 144. ಒಟ್ಟು 7,644, 180 ಗಂಟೆಗೆ ಭಾಗಿಸಿದರೆ ಗಂಟೆಗೆ 42 ರೂಪಾಯಿ ಚಿಲ್ಲರೆ, ಮಗುವಿಗೆ ಒಂದೂವರೆ ರೂಪಾಯಿ. ನೆಟ್ ಬೇಡ, ಏಕೆಂದರೆ ಪಾಠ ಪೆನ್‌ಡ್ರೈವಿನಲ್ಲಿದೆ. ಅಗ್ಗ ಹೌದು. ಆದರೆ ಇದರಲ್ಲಿ ಒಂದು ಕೊಕ್ಕೆಯಿದೆ, ಅದಕ್ಕೆ ಅಳತೆ ಟೇಪು ಬೇಕು; ಮುಂದೆ ಹೇಳುತ್ತೇವೆ.

ಮೂರನೆಯ ಸಾಲಿನಲ್ಲಿ ಯಂತ್ರವೇ ಇಲ್ಲದ ಆಯ್ಕೆ ಬರೆಯಿರಿ. ವರ್ಷಕ್ಕೆ 33,000 ರೂಪಾಯಿ ಎಂದರೆ ತಲಾ 60 ರೂಪಾಯಿಯ 550 ಮಕ್ಕಳ ಪುಸ್ತಕ. ಅಷ್ಟು ಕಥೆಪುಸ್ತಕವಿರುವ ಎಲ್‌ಪಿ ಶಾಲೆ ಎಷ್ಟಿದೆ ಎಂದು ಕೇಳಿಕೊಂಡರೆ, ಒಂದರಿಂದ ನಾಲ್ಕನೇ ತರಗತಿಯ ಮಟ್ಟಿಗೆ ಪುಸ್ತಕಕ್ಕೇ ನಮ್ಮ ವೋಟು.

ಟ್ಯಾಬ್ಲೆಟ್ಟುಗಳ ವಿಷಯ ಚುಟುಕಾಗಿ: ಹತ್ತು ಟ್ಯಾಬ್ಲೆಟ್ ಎಂದರೆ ಹತ್ತು ಚಾರ್ಜರು, ಹತ್ತು ಬ್ಯಾಟರಿ, ಹತ್ತು ಒಡೆಯಬಹುದಾದ ಗಾಜು, ಮತ್ತು ವಾರಕ್ಕೊಮ್ಮೆ ಅವನ್ನೆಲ್ಲ ಚಾರ್ಜು ಮಾಡಿ ಅಪ್‌ಡೇಟ್ ಮಾಡಿ ಎಣಿಸಿಡುವ ಒಬ್ಬ ಅಧ್ಯಾಪಕ. ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಸೋಲುತ್ತದೆ. ಆ ಕೆಲಸಕ್ಕೆ ಜನ ಇಲ್ಲದ ಶಾಲೆ ಒಪ್ಪಿಕೊಳ್ಳಬಾರದು.

ಕನ್ನಡದ ಖರ್ಚು

ಇದು ಯಾವ ಕೊಟೇಷನ್ನಿನಲ್ಲೂ ಇರುವುದಿಲ್ಲ, ಇಡೀ ಲೆಕ್ಕದಲ್ಲಿ ಭಾರವಾದದ್ದೂ ಇದೇ. ಕೋವಿಡ್ ಕಾಲದಲ್ಲಿ, 2020ರ ಜೂನ್ 1ರಂದು ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಶುರುವಾದವು. ಕನ್ನಡ ಮಾಧ್ಯಮದ ಪಾಠಗಳೂ ಬಂದವು. ಆದರೆ ಪಠ್ಯಪುಸ್ತಕ ಬದಲಾದರೆ ಹಳೆಯ ಪಾಠದ ಅನುಕ್ರಮ ಹೊಂದುವುದಿಲ್ಲ. ಕರ್ನಾಟಕದವರು ಮಾಡಿದ ವಿಡಿಯೊಗಳು, ಕೇಂದ್ರ ಸರಕಾರದ ಆನ್‌ಲೈನ್ ಪಾಠಗಳ ದೀಕ್ಷಾ ವೇದಿಕೆಯಲ್ಲಿರುವ ಸಾಮಗ್ರಿಗಳು ಕನ್ನಡದಲ್ಲೇನೋ ಇವೆ, ಆದರೆ ನಮ್ಮ ಮಕ್ಕಳು ಓದುವುದು ಕೇರಳದ ಪಠ್ಯ ರೂಪಿಸುವ ಎಸ್‌ಸಿಇಆರ್‌ಟಿ ಸಂಸ್ಥೆಯ ಪುಸ್ತಕ. ಅಧ್ಯಾಯದ ಸಂಖ್ಯೆ ಹಿಡಿದು ಹುಡುಕಿದರೆ ಸಿಗುವುದಿಲ್ಲ, ವಿಷಯ ಹಿಡಿದು ಹುಡುಕಬೇಕು. ಅದರಲ್ಲೂ ಕೆಲವು ಪಾರಿಭಾಷಿಕ ಪದ ನಮ್ಮ ಪುಸ್ತಕದ್ದಾಗಿರುವುದಿಲ್ಲ.

ಒಂದು ಪೀರಿಯಡಿಗೆ ತಗಲುವ ಸಮಯವನ್ನು ಗಡಿಯಾರ ಇಟ್ಟು ಬರೆಯಿರಿ: ಹುಡುಕಲು 30 ನಿಮಿಷ, ಪೂರ್ತಿ ನೋಡಲು 10, ಪದಗಳನ್ನು ಪಠ್ಯಕ್ಕೆ ಹೊಂದಿಸಿ ಬರೆದುಕೊಳ್ಳಲು 10, ನಡುವೆ ಎಲ್ಲಿ ನಿಲ್ಲಿಸಿ ಏನು ಪ್ರಶ್ನೆ ಕೇಳಬೇಕೆಂದು ಗುರುತಿಸಲು 10. ಒಂದು ಗಂಟೆ ಆಯಿತು. ವಾರಕ್ಕೆ ಮೂರು ಪೀರಿಯಡ್, 36 ವಾರ ಎಂದರೆ ವರ್ಷಕ್ಕೆ 108 ಗಂಟೆ. ಈ ಗಂಟೆಗಳು ಯಾವುದರಿಂದ ಕಡಿತವಾಗುತ್ತವೆ? ನೋಟುಬುಕ್ಕು ತಿದ್ದುವುದರಿಂದಲೋ, ಹಿಂದುಳಿದ ಮಕ್ಕಳಿಗೆ ಸಂಜೆ ಕೂತು ಹೇಳಿಕೊಡುವುದರಿಂದಲೋ? ಉತ್ತರವನ್ನು ಅಧ್ಯಾಪಕರೇ ಬರೆಯಲಿ, ಪಿಟಿಎ ಊಹಿಸುವುದು ಬೇಡ.

ಈ ಖರ್ಚು ಇಳಿಸುವ ದಾರಿಗಳಿವೆ. ಮಾತಿಲ್ಲದ ಆನಿಮೇಷನ್‌ಗಳನ್ನೇ ಆರಿಸಿ. ಮಲೆಯಾಳದ್ದೋ ಇಂಗ್ಲಿಷಿನದ್ದೋ ಒಳ್ಳೆಯ ವಿಡಿಯೊ ಸಿಕ್ಕಿದರೆ ಧ್ವನಿ ಆರಿಸಿ, ಅಧ್ಯಾಪಕರೇ ಮಾತಾಡಲಿ. ತಡೆದು ತಡೆದು ಹೇಳಬಹುದು, ಮಕ್ಕಳ ಮುಖ ನೋಡಿ ಹೇಳಬಹುದು. ಉಪಜಿಲ್ಲೆಯ ಕ್ಲಸ್ಟರ್ ಸಭೆಗೆ ಹೋಗುವಾಗ ಪೆನ್‌ಡ್ರೈವ್ ಕಿಸೆಯಲ್ಲಿರಲಿ. ಮಂಜೇಶ್ವರದ ಶಾಲೆಯೊಂದು ಆರನೆಯ ವಿಜ್ಞಾನ, ಕುಂಬಳೆಯದೊಂದು ಏಳನೆಯ ಗಣಿತ, ಕಾಸರಗೋಡಿನದೊಂದು ಸಮಾಜ ಎಂದು ಹಂಚಿಕೊಂಡರೆ 108 ಗಂಟೆ ಮೂರಕ್ಕೆ ಸೀಳುತ್ತದೆ. ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಒಮ್ಮೆ ಇಳಿಸಿಟ್ಟರೆ ನೆಟ್ ಇಲ್ಲದ ಲ್ಯಾಬಿನಲ್ಲೂ ತೆರೆಯುತ್ತದೆ.

ಪ್ರಶ್ನೆಪತ್ರಿಕೆ ಬರೆದುಕೊಡುವ ಎಐ ತಂತ್ರಾಂಶಗಳಿಂದ ಕರಡು ಬೇಗ ಸಿಗುತ್ತದೆ ನಿಜ, ಆದರೆ ತಿದ್ದುವ ಸಮಯವನ್ನೂ ಕೂಡಿಸಿ. ಉತ್ತರಸೂಚಿಯನ್ನು ಒಂದೊಂದಾಗಿ ಬಿಡಿಸಿ ನೋಡದೆ ತರಗತಿಗೆ ಒಯ್ಯಬೇಡಿ. ತಪ್ಪು ಉತ್ತರವನ್ನೂ ಅವು ಅದೇ ಧೈರ್ಯದಲ್ಲಿ ಹೇಳುತ್ತವೆ.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕುತ್ತಾರೆಂಬ ದೂರು ಈ ಜಿಲ್ಲೆಯಲ್ಲಿ ಹೊಸತಲ್ಲ. ಅಂಥ ಕಡೆ ಕನ್ನಡ ವಿಡಿಯೊ ಹಾಕಿ ಕೈತೊಳೆದುಕೊಳ್ಳುವ ಆಲೋಚನೆ ಬಂದರೆ ಒಪ್ಪಬೇಡಿ. ಮಗು ಕೈ ಎತ್ತಿ ‘ಅದು ಹೇಗೆ?’ ಎಂದು ಕೇಳಿದಾಗ ಉತ್ತರಿಸುವವರು ಕೋಣೆಯಲ್ಲಿರಬೇಕು. ಇದು ಯಂತ್ರದ ಲೆಕ್ಕಕ್ಕೆ ಸೇರುವುದಿಲ್ಲ, ನೇಮಕಾತಿಯ ಲೆಕ್ಕಕ್ಕೆ ಸೇರಬೇಕು.

ಕಡತಗಳ ತೊಂದರೆ ಇನ್ನೊಂದು. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಯನ್ನು ವಿಂಡೋಸ್ ಬದಲು ಲಿನಕ್ಸ್ ಓಡುವ ಕೈಟ್‌ನ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿಲ್ಲ, ಅದು ಎಲ್ಲ ಯಂತ್ರಕ್ಕೂ ಅರ್ಥವಾಗುವ ಯುನಿಕೋಡ್ ಅಕ್ಷರಸಂಕೇತದಲ್ಲಿಲ್ಲ, ಅಷ್ಟೆ. ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತನ್ನಿ, ಆಮೇಲೆ ‘ವರ್ಷ’, ‘ಅರ್ಥ’ದಂಥ ಅರ್ಕಾವೊತ್ತಿನ ಪದಗಳನ್ನೂ ಅಂಕಿಗಳನ್ನೂ ಕಣ್ಣಲ್ಲಿ ಪರೀಕ್ಷಿಸಿ, ಪರಿವರ್ತನೆ ಎಡವುವುದು ಅಲ್ಲೇ. ಇನ್ನು ಮುಂದೆ ಟೈಪ್ ಮಾಡುವುದೆಲ್ಲ ಯುನಿಕೋಡ್‌ನಲ್ಲೇ ಆಗಲಿ. ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ, ಬೆರಳಿನ ಅಭ್ಯಾಸ ಬದಲಿಸಬೇಕಾಗಿಲ್ಲ.

ಕೊನೆಯ ಬೆಂಚಿನಿಂದ ಕಾಣುತ್ತದೆಯೇ?

ಪರದೆಯ ಮೇಲಿನ ಅಕ್ಷರ ಓದಬೇಕಾದರೆ ಕೊನೆಯ ಮಗು ಕೂರುವ ದೂರ ದೃಶ್ಯದ ಎತ್ತರದ ಆರು ಪಟ್ಟು ಮೀರಬಾರದು. 43 ಇಂಚಿನ ಟಿವಿಯ ದೃಶ್ಯದ ಎತ್ತರ ಸುಮಾರು 53 ಸೆಂಟಿಮೀಟರ್. ಆರು ಪಟ್ಟು ಎಂದರೆ 3.2 ಮೀಟರ್. 55 ಇಂಚಿಗೆ 4.1, 65 ಇಂಚಿಗೆ 4.9, ನೂರು ಇಂಚಿನ ಪ್ರೊಜೆಕ್ಟರು ದೃಶ್ಯಕ್ಕೆ 7.5 ಮೀಟರ್. ಈಗ ಟೇಪು ಹಿಡಿದು ಗೋಡೆಯಿಂದ ಹಿಂದಿನ ಬೆಂಚಿಗೆ ಅಳೆಯಿರಿ. ಇಪ್ಪತ್ತಡಿ ಉದ್ದದ ಕೋಣೆಯಲ್ಲಿ 43 ಇಂಚಿನ ಟಿವಿ ಅರ್ಧ ತರಗತಿಗೆ ಮಾತ್ರ. ಟಿವಿಯ ಕೊಕ್ಕೆ ಎಂದದ್ದು ಇದನ್ನೇ. ಹದಿನೈದು ಮಕ್ಕಳನ್ನು ಮುಂದೆ ಚಾಪೆಯಲ್ಲಿ ಕೂರಿಸಲು ಆಗುವುದಾದರೆ ಅದೇ ಟಿವಿ ಚಿನ್ನ. 40 ಮಕ್ಕಳ ತರಗತಿಗೆ ದಂಡ.

ಇಂಗ್ಲಿಷಿಗೆ ಸಾಕಾಗುವ ಅಕ್ಷರದ ಗಾತ್ರ ಕನ್ನಡಕ್ಕೆ ಸಾಕಾಗುವುದಿಲ್ಲ. ಮೂಲ ಅಕ್ಷರ ಕಂಡರೂ ಕೆಳಗಿನ ಒತ್ತಕ್ಷರ ಕರಗಿ ಹೋಗುತ್ತದೆ. ಪರೀಕ್ಷೆ ಸುಲಭ: ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಲಕ್ಷ್ಮಿ’ ಎಂಬ ಮೂರು ಪದಗಳನ್ನು ಪಾಠದಲ್ಲಿರುವಷ್ಟೇ ದೊಡ್ಡದಾಗಿ ಪರದೆಯ ಮೇಲೆ ಹಾಕಿ, ಕೊನೆಯ ಸಾಲಿನ ಮಗುವಿಗೆ ನೋಡಿ ಬರೆಯಲು ಹೇಳಿ. ಓದಿಸಬೇಡಿ; ಗೊತ್ತಿರುವ ಪದವನ್ನು ಮಗು ಊಹಿಸಿ ಓದಿಬಿಡುತ್ತದೆ. ಬರೆದದ್ದು ‘ರಾಷ್ಟ’ ಎಂದಿದ್ದರೆ ಅಕ್ಷರ ಚಿಕ್ಕದಾಯಿತು. ಆರು ಮೀಟರ್ ದೂರಕ್ಕೆ ಮೂಲ ಅಕ್ಷರವೇ ಮೂರೂವರೆ ಸೆಂಟಿಮೀಟರ್ ಇರಬೇಕು, ಸಾಲಿನ ನಡುವೆ ಒತ್ತಕ್ಷರಕ್ಕೆ ಧಾರಾಳ ಜಾಗ ಬೇಕು. ಒಂದು ಪುಟಕ್ಕೆ ಆರೇಳು ಸಾಲಿಗಿಂತ ಹೆಚ್ಚು ತುಂಬಬೇಡಿ.

ಬೆಳಕಿನದ್ದೂ ನೋಡಬೇಕು. ಅಂಗಡಿಯವರು ಡೆಮೊ ತೋರಿಸಲು ಸಂಜೆ ಬರುತ್ತಾರೆ. ಬಿಸಿಲಿರುವ ದಿನ ಬೆಳಗ್ಗೆ ಹನ್ನೊಂದಕ್ಕೆ ಬನ್ನಿ ಎನ್ನಿ. ಎರಡೂ ಕಡೆ ಕಿಟಕಿ ತೆರೆದ ಹಂಚಿನ ಮಾಡಿನ ಕೋಣೆಯಲ್ಲಿ 3,500 ಲ್ಯೂಮೆನ್‌ಗಿಂತ ಕಡಿಮೆ ಬೆಳಕು ಬೀರುವ ಪ್ರೊಜೆಕ್ಟರು ಮಸುಕಾಗುತ್ತದೆ. ಕಿಟಕಿ ಮುಚ್ಚಿದರೆ ಚಿತ್ರ ಚೆನ್ನ, ಮಾರ್ಚಿನಲ್ಲಿ ಮಕ್ಕಳು ಬೇಯುತ್ತಾರೆ.

ಮಳೆ, ಸಿಡಿಲು, ಹಲ್ಲಿ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಯಂತ್ರಗಳು ಕೆಡುವುದು ಬಳಸಿ ಅಲ್ಲ, ಬಳಸದೆ ತೇವದಲ್ಲಿಟ್ಟು. ಜೂನಿನಿಂದ ಸೆಪ್ಟೆಂಬರಿನ ತನಕ ಪ್ರೊಜೆಕ್ಟರನ್ನು ವಾರಕ್ಕೆ ಎರಡು ಸಲವಾದರೂ 20 ನಿಮಿಷ ಓಡಿಸಿ. ಒಳಗಿನ ಬಿಸಿಗೆ ತೇವ ಆರುತ್ತದೆ. ಮುಚ್ಚಿಟ್ಟರೆ ಲೆನ್ಸಿಗೆ ಬೂಸ್ಟು ಹಿಡಿದು ಚಿತ್ರದ ಮಧ್ಯೆ ಬೂದು ಮೋಡ ಕಾಣುತ್ತದೆ, ಅದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಲಾಗದು. ಗಾಳಿಕಿಂಡಿಯ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ಧೂಳು ಕೊಡವಿ. ಹಲ್ಲಿ, ಇರುವೆ ಒಳಗೆ ಸೇರುವುದು ಈ ಕಿಂಡಿಗಳಿಂದಲೇ. ಬಳಸದ ಪ್ಲಗ್ ಪಾಯಿಂಟುಗಳನ್ನೂ ಮುಚ್ಚಿಡಿ.

ಲ್ಯಾಂಪಿರುವ ಪ್ರೊಜೆಕ್ಟರನ್ನು ರಿಮೋಟಿನಲ್ಲಿ ಆರಿಸಿ, ಫ್ಯಾನ್ ನಿಲ್ಲುವ ತನಕ ಕಾದು ಆಮೇಲೆ ಸ್ವಿಚ್ ಆಫ್ ಮಾಡಬೇಕು. ಗಂಟೆ ಹೊಡೆಯಿತೆಂದು ಸೀದಾ ಸ್ವಿಚ್ಚು ಒತ್ತಿದರೆ, ಅಥವಾ ಕರೆಂಟು ಫಕ್ಕನೆ ಹೋದರೆ, ಕಾದ ಲ್ಯಾಂಪು ತಣಿಯದೆ ಸಾವಿರಾರು ಗಂಟೆ ಬಾಳಬೇಕಾದದ್ದು ಬೇಗ ಸೋಲುತ್ತದೆ. ಲೆಕ್ಕದಲ್ಲಿ ಸಣ್ಣ ಯುಪಿಎಸ್ ಸೇರಿಸಿದ್ದು ಪಾಠ ಮುಂದುವರಿಸಲಲ್ಲ, ತಣಿಯುವ ಆ ಎರಡು ನಿಮಿಷಕ್ಕೆ.

ಸಿಡಿಲಿನ ಕಾಲ ಎರಡು: ಏಪ್ರಿಲ್-ಮೇ, ಮತ್ತು ತುಲಾ ಮಳೆಯ ಅಕ್ಟೋಬರ್-ನವೆಂಬರ್. ಸಂಜೆ ಮೂರರ ಮೇಲೆ ಮೋಡ ಕಟ್ಟಿದರೆ ಪ್ಲಗ್ ಕಿತ್ತಿಡಿ. ಪ್ಲಗ್ ಕಿತ್ತರೆ ಸಾಲದು. ನೆಟ್‌ವರ್ಕ್ ಕೇಬಲ್ಲು, ಕೇಬಲ್ ಟಿವಿಯ ವಯರು ಎರಡನ್ನೂ ಕಳಚಬೇಕು. ಪ್ಲಗ್ ಕಿತ್ತಿಟ್ಟ ಟಿವಿಯೂ ಸುಟ್ಟು ಹೋಗುವುದು ಆ ವಯರಿನಿಂದ. ಸ್ಪೈಕ್ ಗಾರ್ಡು ಅರ್ತಿಂಗ್ ಇಲ್ಲದೆ ಅಲಂಕಾರ ಮಾತ್ರ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಅರ್ತಿಂಗ್ ಸುಲಭಕ್ಕೆ ಸರಿಯಾಗುವುದಿಲ್ಲ. ಒಣಗಿದ ಮುರಕಲ್ಲು ವಿದ್ಯುತ್ತನ್ನು ನೆಲಕ್ಕೆ ಬಿಡುವುದರಲ್ಲಿ ಜಿಪುಣ. ಜನವರಿಯಿಂದ ಮೇ ತನಕ ಅರ್ತ್ ಗುಂಡಿಗೆ ವಾರಕ್ಕೊಂದೆರಡು ಕೊಡ ನೀರು ಹೊಯ್ಯಿಸಿ. ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳತೆ ಮಾಡಿಸಿ: ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು-ಮೂರು ವೋಲ್ಟ್ ಒಳಗಿರಬೇಕು. ಬೇಸಿಗೆಯಲ್ಲೇ ಮಾಡಿಸಿ, ಮಳೆಗಾಲದ ಅಳತೆ ಎಲ್ಲ ಕಡೆಯೂ ಚೆನ್ನಾಗಿಯೇ ಬರುತ್ತದೆ.

ಎರಡು ತಿಂಗಳ ರಜೆಗೆ ಲ್ಯಾಪ್‌ಟಾಪನ್ನು ಪೂರ್ತಿ ಖಾಲಿ ಮಾಡಿಯೂ ಇಡಬೇಡಿ, ಪೂರ್ತಿ ತುಂಬಿಸಿಯೂ ಇಡಬೇಡಿ. ಅರ್ಧ ಚಾರ್ಜು ಇರಲಿ, ಮೇ ಆರಂಭದಲ್ಲಿ ಒಮ್ಮೆ ತೆಗೆದು ನೋಡಿ.

ಪೆನ್‌ಡ್ರೈವ್ ಟಿವಿಯಲ್ಲಿ ಓಡದಿದ್ದರೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಧ್ವನಿ ಬಂದು ಚಿತ್ರ ಬಾರದಿದ್ದರೆ ವಿಡಿಯೊ ಎಚ್.265 ಎಂಬ ಹೊಸ ನಮೂನೆಯಲ್ಲಿದೆ, ಎಚ್.264ಕ್ಕೆ ಬದಲಿಸಿದ ಎಂಪಿ4 ಕಡತ ಹಾಕಿ. ಪೆನ್‌ಡ್ರೈವೇ ಕಾಣದಿದ್ದರೆ ಅದನ್ನು ಫ್ಯಾಟ್32ರಲ್ಲಿ ಫಾರ್ಮಾಟ್ ಮಾಡಿ. ಆಗ ಒಂದು ಕಡತ 4 ಜಿಬಿ ಮೀರುವಂತಿಲ್ಲ, ಪಾಠಕ್ಕೆ ಅಷ್ಟು ಬೇಕಾಗುವುದೂ ಇಲ್ಲ.

ಮನೆಗೆ ಹೊರಿಸಿದ ಖರ್ಚು

ಹೋಂವರ್ಕನ್ನು ವಾಟ್ಸಾಪಿನಲ್ಲಿ ಹಾಕಿದರೆ ಶಾಲೆಗೆ ಖರ್ಚಿಲ್ಲ. ಖರ್ಚು ಎಲ್ಲಿಗೆ ಹೋಯಿತು? ಅಪ್ಪನ ಫೋನಿಗೆ. ತರಗತಿಯಲ್ಲಿ ಚೀಟಿ ಹಂಚಿ ನಾಲ್ಕು ಪ್ರಶ್ನೆ ಕೇಳಿ: ಮನೆಯಲ್ಲಿ ನೆಟ್ ಇರುವ ಫೋನು ಎಷ್ಟು, ಅದು ಮನೆಗೆ ಬರುವುದು ಎಷ್ಟು ಗಂಟೆಗೆ, ಅದನ್ನು ಹಂಚಿಕೊಳ್ಳುವ ಮಕ್ಕಳೆಷ್ಟು, ಮನೆಯೊಳಗೆ ರೇಂಜ್ ಸಿಗುತ್ತದೆಯೇ. ಕೈ ಎತ್ತಿಸಬೇಡಿ, ಬಡತನ ತೋರಿಸಲು ಯಾವ ಮಗುವೂ ಕೈ ಎತ್ತುವುದಿಲ್ಲ. ಸಾಧಾರಣ ಗುಣಮಟ್ಟದ ಒಂದು ಗಂಟೆಯ ವಿಡಿಯೊಗೆ ಅರ್ಧ ಜಿಬಿಗಿಂತ ಹೆಚ್ಚೇ ಡೇಟಾ ಬೇಕು. ಮೂವರು ಮಕ್ಕಳಿದ್ದರೆ ದಿನದ ಡೇಟಾ ಅಲ್ಲಿಗೇ ಮುಗಿಯಿತು. ಗುಡ್ಡದ ಬುಡದ ಮನೆಗಳಲ್ಲಿ ಅದಕ್ಕೂ ಅಂಗಳದ ತುದಿಗೆ ಬಂದು ನಿಲ್ಲಬೇಕು. 28ರಲ್ಲಿ ಐದು ಮಕ್ಕಳಿಗೆ ತಲುಪದಿದ್ದರೆ ಅದೇ ಅಭ್ಯಾಸವನ್ನು ಕಾಗದದಲ್ಲಿ ಕೊಡಿ. ಪುಟಕ್ಕೆ 2 ರೂಪಾಯಿಯಂತೆ ಇಡೀ ತರಗತಿಗೆ 56 ರೂಪಾಯಿ.

ಮಕ್ಕಳ ಹೆಸರು, ಫೋನ್ ನಂಬರು ಕೇಳುವ ಆ್ಯಪ್‌ಗಳ ಬಗ್ಗೆ ಎಚ್ಚರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಅಧ್ಯಾಪಕರ ಒಂದೇ ಲಾಗಿನ್‌ನಲ್ಲಿ ಕೆಲಸ ಆಗುವಂಥದ್ದನ್ನು ಆರಿಸಿದರೆ ಈ ತಲೆನೋವೇ ಇಲ್ಲ.

ಆರು ವಾರ ಎರವಲು ತಂದು ನೋಡಿ

ಕೊಳ್ಳುವ ಮೊದಲು ಪಕ್ಕದ ಹೈಸ್ಕೂಲಿನಿಂದಲೋ ಬೇರೆ ಕಡೆಯಿಂದಲೋ ಯಂತ್ರ ಎರವಲು ತನ್ನಿ. ಮೊದಲ ಪುಟದ ವಾಕ್ಯಕ್ಕೆ ಹೊಂದುವ ಹತ್ತು ಪ್ರಶ್ನೆ ಮಾಡಿ ಪರೀಕ್ಷೆ ಕೊಡಿ. ಎರಡು ಡಿವಿಜನ್ ಇದ್ದರೆ ಒಂದರಲ್ಲಿ ಯಂತ್ರದೊಂದಿಗೆ, ಇನ್ನೊಂದರಲ್ಲಿ ಎಂದಿನಂತೆ ಪಾಠ ಆಗಲಿ. ಮುಂದಿನ ಪಾಠಕ್ಕೆ ಅದಲುಬದಲು ಮಾಡಿ. ಒಂದೇ ಡಿವಿಜನ್ ಇರುವ ಶಾಲೆಯಲ್ಲಿ ಒಂದೇ ಕಷ್ಟದ ಎರಡು ಪಾಠ ತೆಗೆದುಕೊಂಡು, ಒಂದನ್ನು ಹೀಗೆ ಒಂದನ್ನು ಹಾಗೆ ಕಲಿಸಿ. ಪಾಠ ಮುಗಿದ ದಿನ ಒಮ್ಮೆ, ನಾಲ್ಕು ವಾರ ಬಿಟ್ಟು ಹೇಳದೆ ಕೇಳದೆ ಇನ್ನೊಮ್ಮೆ ಪರೀಕ್ಷೆ. ಮುಖ್ಯವಾದದ್ದು ಈ ಎರಡನೆಯದು. ವಿಡಿಯೊ ನೋಡಿದ ದಿನ ಎಲ್ಲರಿಗೂ ಎಲ್ಲ ಗೊತ್ತಾದಂತೆ ಇರುತ್ತದೆ.

ಸರಾಸರಿ ನೋಡಬೇಡಿ, 28 ಮಕ್ಕಳಲ್ಲಿ ಇಬ್ಬರು ಆ ದಿನ ಜ್ವರದಲ್ಲಿದ್ದರೆ ಸರಾಸರಿ ಅಲುಗುತ್ತದೆ. ಹತ್ತರಲ್ಲಿ ನಾಲ್ಕಕ್ಕಿಂತ ಕೆಳಗಿದ್ದವರಲ್ಲಿ ಏಳು ದಾಟಿದವರೆಷ್ಟು ಎಂದು ಹೆಸರು ಹಿಡಿದು ಎಣಿಸಿ. ಯಂತ್ರದ ಪಾಠದಲ್ಲಿ ಆರು ಮಂದಿ, ಎಂದಿನ ಪಾಠದಲ್ಲಿ ಐದು ಮಂದಿ ದಾಟಿದ್ದರೆ ಅದು ವ್ಯತ್ಯಾಸವೇ ಅಲ್ಲ. ಒಂಬತ್ತು ಮತ್ತು ನಾಲ್ಕು ಆಗಿದ್ದರೆ ಯೋಚಿಸಬಹುದು. ಜೊತೆಗೆ ಆರು ವಾರದಲ್ಲಿ ಯಂತ್ರ ನಿಜಕ್ಕೂ ಓಡಿದ ಗಂಟೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ. ಕರೆಂಟು ಇಲ್ಲ, ಕೇಬಲ್ ಸಿಗಲಿಲ್ಲ, ಅಧ್ಯಾಪಕರು ರಜೆ ಎಂದು ತಪ್ಪಿದ ದಿನಗಳನ್ನೂ ಕಾರಣದೊಂದಿಗೆ ಬರೆಯಿರಿ. ಗಂಟೆಯ ಖರ್ಚು ಹಾಕುವಾಗ 180ರ ಬದಲು ಈ ಅಂಕಿಯಿಂದ ಬಂದ ವರ್ಷದ ಗಂಟೆಗಳನ್ನು ಹಾಕಿ.

ದಾನಿಗೆ ಏನು ಹೇಳುವುದು, ನಡಾವಳಿಯಲ್ಲಿ ಏನು ಬರೆಯುವುದು

ದೊಡ್ಡ ಡಿಜಿಟಲ್ ಪರದೆಯ ಪ್ಯಾನೆಲ್ ಕೊಡಿಸುತ್ತೇನೆ ಎಂದು ಬಂದವರಿಗೆ ಬೇಡ ಎನ್ನುವುದು ಕಷ್ಟ. ಬೇಡ ಎನ್ನಬೇಕಾಗಿಯೂ ಇಲ್ಲ. ‘ಅಣ್ಣಾ, ಅದೇ ದುಡ್ಡಿನಲ್ಲಿ 55 ಇಂಚಿನ ಟಿವಿ ಸಾಕು, ಉಳಿದದ್ದನ್ನು ಐದು ವರ್ಷದ ದುರಸ್ತಿಗೆ ಮತ್ತು ಲೈಬ್ರರಿಗೆ ಇಡುವಾ. ಹೆಸರು ಎರಡರ ಮೇಲೂ ಬರೆಸುವಾ’ ಎಂದು ಲೆಕ್ಕದ ಪುಟ ಮುಂದಿಡಿ. ಗಂಟೆಗೆ ಇಷ್ಟು ಬೀಳುತ್ತದೆ ಎಂದು ತೋರಿಸಿದರೆ ದುಬೈಯಲ್ಲಿ ಅಂಗಡಿ ನಡೆಸುವವರಿಗೆ ಅರ್ಥವಾಗದೆ ಇರುವುದಿಲ್ಲ.

ಒಪ್ಪಿಕೊಂಡ ದಿನ ಪಿಟಿಎ ನಡಾವಳಿಯಲ್ಲಿ ಇಷ್ಟು ಬರೆಯಿರಿ: ಯಂತ್ರದ ಮಾದರಿ, ಸೀರಿಯಲ್ ನಂಬರು, ವಾರಂಟಿ ಮುಗಿಯುವ ದಿನಾಂಕ, ಸ್ಟಾಕ್ ರಿಜಿಸ್ಟರಿನ ಪುಟ, ವರ್ಷದ ದುರಸ್ತಿ ಹಣ ಯಾವ ಖಾತೆಯಿಂದ, ಯಾವ ತರಗತಿಯ ಯಾವ ಪೀರಿಯಡ್, ಕೆಟ್ಟರೆ ಎಷ್ಟು ದಿನದೊಳಗೆ ಯಾರು ಫೋನ್ ಮಾಡುವುದು. ಕೈಟ್‌ನಿಂದ ಬಂದ ಯಂತ್ರವಾದರೆ ಸ್ಥಳೀಯ ರಿಪೇರಿ ಅಂಗಡಿಯಲ್ಲಿ ಬಿಚ್ಚಿಸುವ ಮೊದಲು ಅವರ ದೂರು ವ್ಯವಸ್ಥೆಯಲ್ಲಿ ದಾಖಲಿಸಿ. ಬಿಚ್ಚಿದ ಯಂತ್ರಕ್ಕೆ ವಾರಂಟಿ ಸಿಗುವುದು ಕಷ್ಟ. ಎರಡು ವರ್ಷ ಕಳೆದು, ಕ್ಯಾಲೆಂಡರಿನಲ್ಲಿ ವರ್ಷಕ್ಕೆ 60 ಗಂಟೆಯೂ ತುಂಬದಿದ್ದರೆ, ಯಂತ್ರವನ್ನು ಬಳಸುವ ಶಾಲೆಗೆ ಕೊಡಲು ನಿಯಮದ ಪ್ರಕಾರ ಯಾರ ಅನುಮತಿ ಬೇಕೆಂಬುದನ್ನೂ ಅದೇ ದಿನ ಕೇಳಿ ಬರೆದಿಡಿ.

ಕೊನೆಯ ಸಾಲಿನಲ್ಲಿ ಕೋಣೆಯ ಬೀಗದ ಕೈ ಮತ್ತು ರಿಮೋಟು ಯಾರ ಬಳಿ, ಅವರು ರಜೆ ಹಾಕಿದ ದಿನ ಯಾರ ಬಳಿ ಎಂದು ಎರಡು ಹೆಸರು ಬರೆಯಿರಿ. ರಿಮೋಟಿನ ಹಿಂದಿನ ಮುಚ್ಚಳಕ್ಕೆ ಟೇಪು ಹಚ್ಚಿ, ರಜೆಗೆ ಸೆಲ್ ತೆಗೆದಿಡಿ. ಎರಡು ತಿಂಗಳು ಒಳಗೇ ಬಿಟ್ಟ ಸೆಲ್ ಸೋರಿ ರಿಮೋಟನ್ನು ತಿನ್ನುತ್ತದೆ.